ಯಾನ್ ವಾನ್ ಹಾಯ್ಸಮ್‌ನ ಹೂದಾನಿ ಚಿತ್ರಗಳನ್ನು ನೋಡುವ ಕ್ರಮ

ಆಮ್‌ಸ್ಟರ್‌ಡ್ಯಾಮಿನ ಕಲಾವಿದ ಯಾನ್ ವಾನ್ ಹಾಯ್ಸಮ್ (1682–1749) ಬರೆದ ಹೂದಾನಿಯ ಚಿತ್ರವೊಂದು ಎದುರಿಗಿದ್ದಾಗ, ಮೊದಲು ಅದರಲ್ಲಿರುವ ಹೂಗಳನ್ನು ಒಂದೊಂದಾಗಿ ಗುರುತಿಸಿ, ಅವು ಹಾಲೆಂಡಿನಲ್ಲಿ ಯಾವ ತಿಂಗಳು ಅರಳುತ್ತವೆ ಎಂದು ಕೇಳಿಕೊಳ್ಳಬೇಕು. ಟ್ಯುಲಿಪ್ ಏಪ್ರಿಲ್–ಮೇ ತಿಂಗಳಿನದು, ಗುಲಾಬಿ ಜೂನಿನದು. ಕೆಳಗೆ ದ್ರಾಕ್ಷಿಗೊಂಚಲಿದ್ದರೆ ಅದು ಮಾಗುವುದು ಬೇಸಿಗೆ ಕಳೆಯುವ ಹೊತ್ತಿಗೆ. ಇಂಥ ಗುಚ್ಛ ಆ ಕಾಲದ ಯಾವ ಮನೆಯ ಮೇಜಿನ ಮೇಲೂ ಇದ್ದಿರಲಾರದು.

ಆಮೇಲೆ ಸಹಿಯನ್ನು ಹುಡುಕಿ, ಅದರ ಜೊತೆಗಿರುವ ಇಸವಿಯನ್ನು ಓದಬೇಕು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಟೆರಾಕೋಟಾ ಹೂದಾನಿಯ ಚಿತ್ರದಲ್ಲಿ 1736 ಮತ್ತು 1737 ಎಂಬ ಎರಡು ಇಸವಿಗಳಿವೆ. ಮೊದಲೇ ಬರೆದಿಟ್ಟುಕೊಂಡ ಅಭ್ಯಾಸಚಿತ್ರಗಳನ್ನು ನೋಡಿ ಹೂವನ್ನು ಮತ್ತೆ ಮತ್ತೆ ಬರೆಯುವುದು ಈ ಕಸುಬಿನಲ್ಲಿ ರೂಢಿಯಾಗಿತ್ತಾದರೂ, ಹಾಯ್ಸಮ್ ಆದಷ್ಟೂ ನಿಜವಾದ ಹೂವೇ ಕಣ್ಣೆದುರು ಇರಬೇಕೆಂದು ಕಾಯುತ್ತಿದ್ದನು. ಹಳದಿ ಗುಲಾಬಿ ಸಿಗದ ಕಾರಣ ಚಿತ್ರವನ್ನು ಮುಗಿಸಲಾಗಲಿಲ್ಲವೆಂದು ಅವನು 1742ರಲ್ಲಿ ಗ್ರಾಹಕನೊಬ್ಬನ ಪ್ರತಿನಿಧಿಗೆ ಪತ್ರ ಬರೆದಿದ್ದನು. ಗ್ರಾಹಕನೋ ಮೆಕ್ಲೆನ್‌ಬರ್ಗಿನ ಡ್ಯೂಕ್. ಅವನಿಗೂ ಕಾಯದೆ ಗತಿಯಿರಲಿಲ್ಲ.

ಹಿನ್ನೆಲೆಯಿಂದ ಚಿತ್ರದ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ಆರಂಭದ ಚಿತ್ರಗಳಲ್ಲಿ ಅದು ಹಿಂದಿನ ಡಚ್ಚರ ಪದ್ಧತಿಯಂತೆ ಕಡುಗಪ್ಪು. 1720ರ ಸುಮಾರಿನಿಂದ ತಿಳಿಯಾಗುತ್ತಾ ಹೋಗುತ್ತದೆ.

ಎಲೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವು ಎಲೆಗಳು ಅಸಹಜವಾಗಿ ನೀಲಿಯಾಗಿ ಕಂಡರೆ ಅದನ್ನು ಕಲಾವಿದನ ಕಲ್ಪನೆಯೆಂದು ಹೊಗಳಬಾರದು. ನೀಲಿಯೊಂದಿಗೆ ಸಸ್ಯಮೂಲದ ಹಳದಿ ಬಣ್ಣವನ್ನು ಸೇರಿಸಿ ಹಸಿರನ್ನು ಪಡೆಯುವುದು ಆಗಿನ ವಾಡಿಕೆ. ಆ ಹಳದಿ ಬೆಳಕಿಗೆ ಮಾಸಿದಂತೆಲ್ಲ ನೀಲಿ ಮಾತ್ರ ಉಳಿಯುತ್ತದೆ. ನಾವು ಇಂದು ನೋಡುವುದು ಅವನು ಬಿಟ್ಟುಹೋದ ಹಸಿರನ್ನಲ್ಲ.

ಕೊನೆಯಲ್ಲಿ ಹತ್ತಿರ ಹೋಗಿ ನೀರಹನಿ, ಇರುವೆ, ನೊಣಗಳನ್ನು ನೋಡಬಹುದು. ಎಲ್ಲರೂ ಕೊಂಡಾಡುವುದು ಹನಿಗಳನ್ನೇ. ನನ್ನ ಮಟ್ಟಿಗೆ, ದಳದ ಅಂಚು ಬೆಳಕಿನಿಂದ ನೆರಳಿಗೆ ತಿರುಗುವ ಕಡೆಯೇ ಅವನ ಕೈಚಳಕ ಹೆಚ್ಚು ಕಾಣುತ್ತದೆ. ಬಣ್ಣ ಹಚ್ಚುವ ಈ ವಿಧಾನವನ್ನು ಅವನು ಗುಟ್ಟಾಗಿಟ್ಟಿದ್ದನು, ಕೆಲಸದ ಕೋಣೆಗೆ ತಮ್ಮಂದಿರನ್ನೂ ಬಿಡುತ್ತಿರಲಿಲ್ಲ ಎನ್ನುತ್ತಾರೆ. ಅವನ ಬಳಿ ಕಲಿತವಳೆಂದು ಗೊತ್ತಿರುವುದು ಮಾರ್ಗರೀಟಾ ಹಾವರ್‌ಮನ್ ಒಬ್ಬಳೇ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಅವಳ 1716ರ ಹೂದಾನಿ ಚಿತ್ರವನ್ನು ಗುರುವಿನ ಚಿತ್ರದ ಪಕ್ಕದಲ್ಲಿಟ್ಟು ದಳಗಳ ಅಂಚನ್ನು ಹೋಲಿಸಿದರೆ, ಆ ಗುಟ್ಟಿನಲ್ಲಿ ಎಷ್ಟು ಪಾಲು ಅವಳ ಕೈಸೇರಿತ್ತು ಎಂಬುದನ್ನು ನೋಡುಗರು ತಾವೇ ಅಳೆಯಬಹುದು.