ವಾಗ್ದಾನ ತಡವಾದಾಗ ನಾನು ಕಾಯುವ ಕ್ರಮ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೊಂದು ವಾಗ್ದಾನದ ಚೀಟಿ, ಅಂದರೆ ದೇವರು ಕೊಟ್ಟ ಮಾತಿನ ಬೈಬಲ್ ವಚನ ಬರೆದ ಚೀಟಿ, ಎತ್ತಿಕೊಳ್ಳುವ ರೂಢಿ ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿದೆ. ಆ ಚೀಟಿಗಳಲ್ಲಿ ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ (29:11) ಇದ್ದೇ ಇರುತ್ತದೆ: ದೇವರ ಆಲೋಚನೆಗಳು ನಮ್ಮ ಹಿತಕ್ಕಾಗಿ ಎಂಬ ಮಾತು. ವರ್ಷ ಉರುಳುತ್ತದೆ. ಕೆಲಸ ಸಿಗುವುದಿಲ್ಲ, ಮಡಿಲು ತುಂಬುವುದಿಲ್ಲ, ಕಾಯಿಲೆ ಬಿಡುವುದಿಲ್ಲ. ಆಗ ನಾನು ಮೊದಲು ಆ ವಚನದ ಹಿಂದುಮುಂದಿನ ಅಧ್ಯಾಯಗಳನ್ನು ಕೂತಲ್ಲೇ ಓದಿ ಮುಗಿಸುತ್ತೇನೆ.

ಯೆರೆಮೀಯದಲ್ಲಾದರೆ 27ರಿಂದ 29. ಅರ್ಧ ಗಂಟೆ ಸಾಕು. 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ, ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರು ಎರಡೇ ವರ್ಷದೊಳಗೆ ಮರಳುತ್ತಾರೆಂದು ದೇವಾಲಯದಲ್ಲಿ ಸಾರುತ್ತಾನೆ. ಕೇಳಿದವರಿಗೆ ಎಷ್ಟು ಹಿತವಾಗಿರಬೇಕು! ದೇವರು ಅವನನ್ನು ಕಳುಹಿಸಿರಲೇ ಇಲ್ಲ. ಯೆರೆಮೀಯನು ಬಾಬೆಲಿನ ಸೆರೆಯವರಿಗೆ ಬರೆದ ಪತ್ರದಲ್ಲಿ (29ನೇ ಅಧ್ಯಾಯ) ಅವಧಿ 70 ವರ್ಷ. ಅದು 10ನೇ ವಚನ, ನಮ್ಮ ಚೀಟಿಯ 11ಕ್ಕಿಂತ ಒಂದು ಸಾಲು ಮೇಲೆ. ಆ ಪತ್ರ ಕೇಳಿಸಿಕೊಂಡ ನಲವತ್ತರ ಪ್ರಾಯದವನಿಗೆ ಯೆರೂಸಲೇಮನ್ನು ಮತ್ತೆ ಕಾಣುವ ಆಸೆ ಉಳಿಯಲಿಲ್ಲ. ಆದರೂ ಹಿತದ ಮಾತು ಅವನಿಗೂ ಸೇರಿದ್ದೇ. ಅವನು ಮಾಡಬೇಕಾದ್ದು 5ರಿಂದ 7ರವರೆಗಿದೆ: ಮನೆ ಕಟ್ಟು, ತೋಟ ಮಾಡು, ಮಕ್ಕಳಿಗೆ ಮದುವೆ ಮಾಡು, ಸೆರೆಯಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸು.

ಓದಿದ ಮೇಲೆ ನೋಟ್ ಪುಸ್ತಕ. ಒಂದು ವಾಗ್ದಾನಕ್ಕೆ ಒಂದು ಪುಟ. ಮೇಲೆ ತಾರೀಖು, ಅಧ್ಯಾಯ, ವಚನ. ಕೆಳಗೆ ಮೂರು ಪ್ರಶ್ನೆ: ಇದನ್ನು ಯಾರಿಗೆ ಹೇಳಿದ್ದು? ಷರತ್ತು ಇದೆಯೇ? ಅವಧಿ ಹೇಳಿದೆಯೇ? ಉತ್ತರ ಬರೆಯುವಾಗಲೇ ಗಂಟು ಸಡಿಲವಾಗುತ್ತದೆ. "ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆ" ಎಂಬ ಅರ್ಥದ ಮತ್ತಾಯ 28:20 ಕ್ರಿಸ್ತನನ್ನು ನಂಬಿದವರೆಲ್ಲರದು. ಅಬ್ರಹಾಮನ ಹೆಂಡತಿ ಸಾರಳಿಗೆ ಮಗನಾಗುವನೆಂಬುದು ಸಾರಳದು. ಜ್ಞಾನೋಕ್ತಿ 22:6, ಮಗುವನ್ನು ಸರಿದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲೂ ದಾರಿ ಬಿಡದು ಎಂಬುದು, ಅನುಭವದ ಬುದ್ಧಿಮಾತು. ಅದನ್ನು ಕರಾರುಪತ್ರವೆಂದು ಹಿಡಿದ ತಾಯಿತಂದೆ, ಮಗ ಸಭೆ ಬಿಟ್ಟಾಗ ದೇವರ ಮೇಲೂ ತಮ್ಮ ಮೇಲೂ ಸಿಟ್ಟಾಗಿ ಒಳಗೊಳಗೇ ಬೇಯುತ್ತಾರೆ. ಎಲ್ಲಕ್ಕಿಂತ ನೋವು ಕೊಡುವುದು ಪ್ರಾರ್ಥನಾ ಕೂಟದಲ್ಲಿ ಯಾರೋ ಕೈಯಿಟ್ಟು "ಈ ವರ್ಷವೇ ಮಗು" ಎಂದದ್ದು. ಅದನ್ನು ಬೇರೆ ಪುಟದಲ್ಲಿ ಬರೆಯುತ್ತೇನೆ, ಹೇಳಿದ್ದು ಮನುಷ್ಯರು ಎಂಬ ಗುರುತಿನೊಡನೆ. ಆ ಮಾತು ನಡೆಯದಿದ್ದರೆ ದೇವರು ಸುಳ್ಳಾಗಲಿಲ್ಲ.

ಇಷ್ಟಾದರೂ ದುಃಖ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಅದಕ್ಕೆ ನನ್ನ ಅಚ್ಚು ಕೀರ್ತನೆ 13. ಆರೇ ವಚನ: ಮೊದಲೆರಡರಲ್ಲಿ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. "ಇನ್ನೆಷ್ಟರವರೆಗೆ" ಎಂಬ ಪ್ರಶ್ನೆ ಮೂಲ ಹೀಬ್ರೂವಿನ ಆ ಮೊದಲೆರಡು ವಚನಗಳಲ್ಲೇ ನಾಲ್ಕು ಸಲ ಇದೆ. ನಾನೂ ನಾಲ್ಕು ಸಲ ಬರೆಯುತ್ತೇನೆ, ಪ್ರತಿಸಲವೂ ನಿಜವಾದ ದೂರಿನ ಹೆಸರು ಹಿಡಿದು: ಎಷ್ಟು ತಿಂಗಳು, ಯಾವ ಪರೀಕ್ಷೆಯ ವರದಿ, ಯಾವ ಸಾಲ. ಆಮೇಲೆ ಒಂದೇ ಬೇಡಿಕೆ. ದೂರನ್ನು ಹಾರಿಸಿ ನೇರ ಸ್ತೋತ್ರಕ್ಕೆ ಹೋದರೆ ಬಾಯಿ ಹಾಡುತ್ತದೆ, ಎದೆ ಬಿಗಿದೇ ಇರುತ್ತದೆ. ಐದನೆಯ ವಚನಕ್ಕೆ ಬರಲಾಗದ ದಿನ ಕೀರ್ತನೆ 88 ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ದೇವರಿಗೇ ಹೇಳಿದ ಪ್ರಾರ್ಥನೆ. ಅಂಥ ದಿನ ಅಲ್ಲಿಗೇ ನಿಲ್ಲಿಸುತ್ತೇನೆ.

ಕಾಯುವಾಗ ಕೆಡುವುದು ಹೆಚ್ಚಾಗಿ ಅವಸರದಿಂದ. ಅಬ್ರಹಾಮನು ದೇವರ ಮಾತು ನಂಬಿ ಹಾರಾನ್ ಊರಿನಿಂದ ಹೊರಟಾಗ ಅವನಿಗೆ 75 ವರ್ಷ. ವಾಗ್ದಾನದ ದೇಶವಾದ ಕಾನಾನಿನಲ್ಲಿ ಹತ್ತು ವರ್ಷ ಕಳೆದರೂ ಮಗುವಾಗದ್ದರಿಂದ, ಸಾರಳ ದಾಸಿ ಹಾಗರಳಿಂದ ಮಗು ಪಡೆಯುವ ಯೋಚನೆ. ಹಾಗರಳ ಮಗ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86, ಸಾರಳ ಮಗ ಇಸಾಕ ಹುಟ್ಟಿದಾಗ 100. ಅವಸರದಿಂದ ವಾಗ್ದಾನ ತಪ್ಪಲಿಲ್ಲ, ಆದರೆ ಒಬ್ಬ ಹೆಂಗಸು ಮಗನನ್ನು ಕಟ್ಟಿಕೊಂಡು ರೊಟ್ಟಿ, ನೀರಿನ ಚೀಲದೊಡನೆ ಅಡವಿಯಲ್ಲಿ ಅಲೆಯಬೇಕಾಯಿತು. ಇನ್ನೊಂದು ಕೇಡು, ಉಪವಾಸವನ್ನು ಬೆಲೆಯಂತೆ ಎಣಿಸುವುದು: 21 ದಿನ ಕೊಟ್ಟೆ, ಇನ್ನು ನೀನು ಕೊಡು ಎಂದು. ಮತ್ತೆ, ವಿಶ್ವಾಸ ತೋರಿಸಲು ಮಾತ್ರೆ ನಿಲ್ಲಿಸುವುದು. ಹಾಗೆ ಮಾಡಲೇಬೇಡಿ, ಅಪೊಸ್ತಲ ಪೌಲನೇ ತನ್ನ ಜೊತೆ ಕೆಲಸಗಾರ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದವನು.

ಕಾಯುತ್ತಿರುವವರ ಮನೆಗೆ ಹೋದಾಗ "ನಿಮ್ಮ ವಿಶ್ವಾಸ ಸಾಲದು" ಎನ್ನುವುದಿಲ್ಲ. ಇಬ್ರಿಯ 11:13ರ ಪ್ರಕಾರ ಅಬ್ರಹಾಮನಂಥವರೂ ವಾಗ್ದಾನದ ಫಲ ಹೊಂದದೆ, ದೂರದಿಂದಲೇ ಕಂಡು, ನಂಬಿಕೆಯುಳ್ಳವರಾಗಿ ಸತ್ತರು. ದೇವರು ಕೊಡುತ್ತೇನೆಂದ ದೇಶದಲ್ಲಿ ಸಾರಳನ್ನು ಹೂಳಲು ಅಬ್ರಹಾಮನು 400 ಶೆಕೆಲ್ ಬೆಳ್ಳಿ ತೂಗಿ ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡುಕೊಂಡ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ.

ವರ್ಷದ ಕೊನೆಗೆ ಹೊಸ ಚೀಟಿ ಎತ್ತುವ ಮೊದಲು ಹಳೆಯ ಪುಟಗಳನ್ನು ತೆರೆಯುತ್ತೇನೆ. ನೆರವೇರಿದ್ದಕ್ಕೆ ಸ್ತೋತ್ರ, ತಾರೀಖು. ನೆರವೇರದ ಪುಟವನ್ನು ಹರಿಯುವುದಿಲ್ಲ. ಹಳೆಯ ತಾರೀಖಿನ ಕೆಳಗೆ ಹೊಸದನ್ನು ಬರೆದು ಮತ್ತೆ "ಇನ್ನೆಷ್ಟರವರೆಗೆ, ಕರ್ತನೇ" ಎಂದು ಶುರುಮಾಡುತ್ತೇನೆ.