ಬಾಗಿಲಲ್ಲಿ ನಿಂತ ಇಬ್ಬರು

ಮಂಗಳವಾರ ರಾತ್ರಿ ಒಂಬತ್ತೂವರೆ. ನಮ್ಮ ಹೋಟೆಲಿನೊಳಗೆ ನಾಲ್ವರು ಗಿರಾಕಿಗಳು ದೋಸೆ ತಿನ್ನುತ್ತಿದ್ದರು. ಹೊರಗೆ, ಬಾಗಿಲಿನ ಎರಡೂ ಬದಿಗೆ, ಗರ್ಭಗುಡಿಯ ದ್ವಾರಪಾಲಕರಂತೆ ಕಪ್ಪು ಕೋಟಿನ ಇಬ್ಬರು ಕಾವಲುಗಾರರು. ಆ ರಾತ್ರಿಯ ವ್ಯಾಪಾರ ಅವರಿಬ್ಬರ ಸಂಬಳಕ್ಕೂ ಸಾಲಲಿಲ್ಲ. ಅವರನ್ನು ನಿಲ್ಲಿಸಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಮದ್ಯದ ಪರವಾನಗಿಯ ಅರ್ಜಿಯಲ್ಲಿ ನಾನೇ ಬರೆದುಕೊಟ್ಟಿದ್ದೆ.

ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ನಾನೂ ನನ್ನ ಪತಿಯೂ ಅರವತ್ತು ಕುರ್ಚಿಗಳ ಹೋಟೆಲು ನಡೆಸುತ್ತೇವೆ. ಊಟದ ಜೊತೆ ಬಿಯರ್, ವೈನ್, ಶನಿವಾರ ಸಂಜೆ ಒಂದಿಷ್ಟು ಹಾಡು, ಪಿಟೀಲು: ಇಷ್ಟೇ ನಮ್ಮ ಯೋಜನೆ. ಕರ್ನಾಟಕದಲ್ಲಾಗಿದ್ದರೆ ಅಬಕಾರಿ ಇಲಾಖೆಯ ಮೆಟ್ಟಿಲು ಹತ್ತಬೇಕಿತ್ತು. ಇಲ್ಲಿ ನಮ್ಮ ನಗರಸಭೆಯಂಥ ಸ್ಥಳೀಯ ಕೌನ್ಸಿಲ್ಲೇ ಎಲ್ಲ. ಹಿಂದೆ ಮದ್ಯದ ಪರವಾನಗಿ ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. 2003ರ ಪರವಾನಗಿ ಕಾಯ್ದೆ 2005ರ ನವೆಂಬರಿನಲ್ಲಿ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಮದ್ಯ, ಮನರಂಜನೆ, ರಾತ್ರಿ 11ರ ನಂತರದ ಬಿಸಿ ಆಹಾರ ಮೂರೂ ಒಂದೇ ಪರವಾನಗಿಯೊಳಗೆ ಸೇರಿದವು. ಪ್ರತಿ ಕೌನ್ಸಿಲ್ ತನ್ನ ಪರವಾನಗಿ ನೀತಿಯನ್ನು ಬರೆದು ಪ್ರಕಟಿಸಬೇಕು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು.

ಆ ನೀತಿಯನ್ನು ನಾನು ಓದಿದ್ದು ಅಂಗಡಿಯ ಬಾಡಿಗೆ ಕರಾರಿಗೆ ಸಹಿ ಹಾಕಿದ ಮೇಲೆ. ಓದುತ್ತಾ ಹೋದಂತೆ ಕೈ ತಣ್ಣಗಾಯಿತು. ಕೊನೆಯಲ್ಲೊಂದು ನಕ್ಷೆ ಇತ್ತು. ಮದ್ಯದಂಗಡಿಗಳು ಈಗಾಗಲೇ ಕಿಕ್ಕಿರಿದಿರುವ ಬೀದಿಗಳನ್ನು ಗೆರೆ ಎಳೆದು ಗುರುತಿಸಿದ್ದರು. ಅಂಥ ಕಡೆ ಹೊಸ ಅರ್ಜಿಗೆ ಆಕ್ಷೇಪಣೆ ಬಂತೆಂದರೆ, ತನ್ನಿಂದ ತೊಂದರೆ ಹೆಚ್ಚುವುದಿಲ್ಲವೆಂದು ಅರ್ಜಿದಾರನೇ ತೋರಿಸಿಕೊಡಬೇಕು. ಇಲ್ಲವಾದರೆ ತಿರಸ್ಕಾರವೇ ಹೆಚ್ಚು ಸಂಭವ. ನಮ್ಮ ಅಂಗಡಿ ಆ ಗೆರೆಯಿಂದ ಒಂದೇ ಒಂದು ಓಣಿ ಆಚೆಗಿತ್ತು. ಅದು ನನ್ನ ಜಾಣತನವಲ್ಲ, ಅದೃಷ್ಟ.

ಮದ್ಯ ಮಾರಾಟದ ಹೊಣೆ ಹೊರಲು ಒಬ್ಬರ ಹೆಸರಿನಲ್ಲಿ ವೈಯಕ್ತಿಕ ಪರವಾನಗಿ ಬೇಕು. ಅದಕ್ಕೆ ಸಣ್ಣದೊಂದು ತರಬೇತಿ, ಪರೀಕ್ಷೆ, 37 ಪೌಂಡ್ ಶುಲ್ಕ. ಅದನ್ನು ನಾನೇ ಮಾಡಿಕೊಂಡೆ. ಕಷ್ಟವೇನಿರಲಿಲ್ಲ. ಅಂಗಡಿಯ ಪರವಾನಗಿಯ ಶುಲ್ಕ ಕಟ್ಟಡದ ತೆರಿಗೆ ಮೌಲ್ಯದ ಮೇಲೆ ನಿಂತಿದೆ. ನಮ್ಮದು ಎರಡನೆಯ ವರ್ಗ, ಅರ್ಜಿಗೆ 190 ಪೌಂಡ್, ಆಮೇಲೆ ವರ್ಷಕ್ಕೆ 180.

ನಾನು ಎಡವಿದ್ದು ಅರ್ಜಿಯ ಒಂದು ಭಾಗದಲ್ಲಿ. ಕಾಯ್ದೆಯ ಗುರಿಗಳು ನಾಲ್ಕೇ: ಅಪರಾಧ ತಡೆ, ಸಾರ್ವಜನಿಕರ ಸುರಕ್ಷತೆ, ಉಪದ್ರವ ತಡೆ, ಮಕ್ಕಳಿಗೆ ಹಾನಿಯಾಗದಂತೆ ಕಾಪಾಡುವುದು. ಇವುಗಳನ್ನು ಹೇಗೆ ಪಾಲಿಸುತ್ತೀರಿ ಎಂದು ಅರ್ಜಿದಾರರು ತಮ್ಮ ಮಾತಿನಲ್ಲೇ ಬರೆಯಬೇಕು. ನನಗೆ ಅದು ಪರೀಕ್ಷೆಯ ಉತ್ತರಪತ್ರಿಕೆಯಂತೆ ಕಂಡಿತು. ಹೆಚ್ಚು ಬರೆದರೆ ಹೆಚ್ಚು ಅಂಕ ಎಂದುಕೊಂಡು, ದೊಡ್ಡ ಬಾರೊಂದರ ಪರವಾನಗಿಯನ್ನು ಹುಡುಕಿ ತೆಗೆದು ಅದರಿಂದ ಧಾರಾಳವಾಗಿ ನಕಲು ಮಾಡಿದೆ. ಕ್ಯಾಮೆರಾ ದೃಶ್ಯಗಳನ್ನು 31 ದಿನ ಇಡುತ್ತೇವೆ, 25 ವರ್ಷಕ್ಕಿಂತ ಕಿರಿಯರಂತೆ ಕಂಡವರಿಗೆಲ್ಲ ಗುರುತಿನ ಚೀಟಿ ಕೇಳುತ್ತೇವೆ. ಇವೆರಡೂ ಸರಿಯೇ. ಅವುಗಳ ಬೆನ್ನಿಗೇ, ಪ್ರತಿದಿನ ರಾತ್ರಿ 9ರಿಂದ ಮುಚ್ಚುವವರೆಗೆ ಬಾಗಿಲಲ್ಲಿ ಇಬ್ಬರು ಕಾವಲುಗಾರರು ಎಂಬ ಸಾಲೂ ಬಂದು ಕುಳಿತಿತು. ಅಲ್ಲಿ ಬರೆದದ್ದು ಪರವಾನಗಿ ಬಂದಾಗ ಷರತ್ತಾಗಿ ಇಳಿದಿರುತ್ತದೆ, ಷರತ್ತು ಮುರಿದು ವ್ಯಾಪಾರ ಮಾಡಿದರೆ ಮಿತಿಯಿಲ್ಲದ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಅರ್ಜಿ ಕೊಟ್ಟ ಮರುದಿನದಿಂದ 28 ದಿನ ಅಂಗಡಿಯ ಮುಂದೆ ತಿಳಿನೀಲಿ ಕಾಗದದ ಸೂಚನೆ ಹಚ್ಚಿರಬೇಕು. ಸ್ಥಳೀಯ ಪತ್ರಿಕೆಯಲ್ಲೂ ಜಾಹೀರಾತು ಬರಬೇಕು. ನಾನು ಹಚ್ಚಿದ ಸೂಚನೆಯ ಅರ್ಧಭಾಗವನ್ನು ನಮ್ಮದೇ ತಿಂಡಿಪಟ್ಟಿ ಮುಚ್ಚಿತ್ತು. ಎಂಟನೆಯ ದಿನ ಬಂದ ಕೌನ್ಸಿಲ್ ಅಧಿಕಾರಿ ಮುಗುಳ್ನಕ್ಕು, "ಎಣಿಕೆ ಇಂದಿನಿಂದ ಮತ್ತೆ ಶುರು" ಎಂದರು. ಎಂಟು ದಿನದ ಬಾಡಿಗೆ ಹೋಯಿತು.

ಆಕ್ಷೇಪಣೆ ಬಂದದ್ದು ಹಿಂಬದಿಯ ಮನೆಯ ಹಿರಿಯ ಮಹಿಳೆಯಿಂದ. ನಾವು ರಾತ್ರಿ 1 ಗಂಟೆಯವರೆಗೆ ಅನುಮತಿ ಕೇಳಿದ್ದೆವು. ಅವರ ಪತ್ರ ಓದಿ ನನಗೆ ಸಿಟ್ಟೇ ಬಂದಿತ್ತು; ನಮ್ಮ ಬಣ್ಣ ನೋಡಿ ಬರೆದಿದ್ದಾರೆ ಎಂದೂ ಅನ್ನಿಸಿತು. ಎರಡು ದಿನ ಬಿಟ್ಟು ಅವರ ಬಾಗಿಲು ತಟ್ಟಿದೆ. ಹಿಂದಿನ ಬಾಡಿಗೆದಾರರು ನಡುರಾತ್ರಿ ಖಾಲಿ ಬಾಟಲಿಗಳನ್ನು ತೊಟ್ಟಿಗೆ ಸುರಿಯುತ್ತಿದ್ದರಂತೆ. "ಆ ಸದ್ದಿಗೆ ಎದ್ದರೆ ಮತ್ತೆ ಬೆಳಗಿನವರೆಗೆ ನಿದ್ದೆಯಿಲ್ಲ. ನೀವು ಹಾಡು ಹಾಡಿಕೊಳ್ಳಿ, ನನಗೇನಿಲ್ಲ" ಎಂದರು. ಅವರ ಅಡುಗೆಮನೆಯ ಕಿಟಕಿಯಿಂದ ನಮ್ಮ ತೊಟ್ಟಿ ಕೈಗೆಟಕುವಷ್ಟು ಹತ್ತಿರವಿತ್ತು. ಆ ಕಿಟಕಿಯ ಬಳಿ ನಿಂತು ನೋಡದಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ವಿಚಾರಣೆಗೆ ಕೌನ್ಸಿಲಿನ ಮೂವರು ಸದಸ್ಯರ ಉಪಸಮಿತಿ ಕುಳಿತಿತ್ತು. ನಾನು ಕೇಳಿದ ಸಮಯವನ್ನು ನಾನೇ ಇಳಿಸಿದೆ: ವಾರದ ದಿನಗಳಲ್ಲಿ ರಾತ್ರಿ 11, ಶುಕ್ರವಾರ ಮತ್ತು ಶನಿವಾರ 12. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಬಾಟಲಿ ಸುರಿಯುವುದಿಲ್ಲ ಎಂಬ ಷರತ್ತನ್ನೂ ಸೇರಿಸಿದೆ. ಅಷ್ಟಕ್ಕೇ ಮುಗಿಯಿತು. ಶನಿವಾರದ ಸಂಗೀತಕ್ಕಾಗಿ ನಾನು ಪುಟಗಟ್ಟಲೆ ಬರೆದದ್ದೂ ಹೆಚ್ಚುಕಡಿಮೆ ವ್ಯರ್ಥವಾಗಿತ್ತು. ಮದ್ಯದ ಪರವಾನಗಿ ಇರುವ ಕಡೆ, ಮಾರಾಟ ನಡೆಯುತ್ತಿರುವ ಹೊತ್ತಿನಲ್ಲಿ, ಕೇಳುಗರು 500ಕ್ಕೆ ಮೀರದಿದ್ದರೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗಿನ ಸಂಗೀತಕ್ಕೆ ಪ್ರತ್ಯೇಕ ಅನುಮತಿಯೇ ಬೇಡ.

ಕಾವಲುಗಾರರ ಸಾಲನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ಏಕೆ ಪ್ರಶ್ನಿಸುತ್ತಾರೆ? ಹಾಗಾಗಿ ಆ ಮಂಗಳವಾರಗಳು. ಹತ್ತು ವಾರ ಸಂಬಳ ಕೊಟ್ಟು ಸುಸ್ತಾಗಿ ಪೊಲೀಸ್ ಇಲಾಖೆಯ ಪರವಾನಗಿ ಅಧಿಕಾರಿಗೆ ಫೋನ್ ಮಾಡಿದೆ. "ನಿಮ್ಮ ಹೋಟೆಲಿಗೆ ಕಾವಲು ಬೇಕೆಂದು ನಾವು ಯಾವತ್ತೂ ಕೇಳಿಲ್ಲವಲ್ಲ" ಎಂದರು. ಸಣ್ಣ ಬದಲಾವಣೆಗೆಂದೇ ಇರುವ ಅರ್ಜಿಯನ್ನು ಅವರೇ ಸೂಚಿಸಿದರು. ಶುಲ್ಕ 89 ಪೌಂಡ್, ವಿಚಾರಣೆಯಿಲ್ಲ, ಹತ್ತು ಕೆಲಸದ ದಿನ ಬಾಗಿಲಿಗೆ ಬಿಳಿ ಕಾಗದದ ಸೂಚನೆ. "ಪ್ರತಿದಿನ ಇಬ್ಬರು" ಎಂಬುದನ್ನು ತೆಗೆದು, ಅಗತ್ಯವಿದೆಯೇ ಎಂದು ಸಂದರ್ಭ ನೋಡಿ ತೀರ್ಮಾನಿಸಿ ಅದನ್ನು ಬರೆದಿಡುತ್ತೇವೆ ಎಂದು ಬದಲಿಸಲು ಕೇಳಿದೆ. ಈ ಸಲ ಸೂಚನೆಯ ಸುತ್ತ ಒಂದಡಿ ಗಾಜು ಖಾಲಿ ಬಿಟ್ಟಿದ್ದೆ.

ಬಿಳಿ ಕಾಗದ ಹಚ್ಚಿದ ಸಂಜೆಯೇ ಹಿಂಬದಿ ಮನೆಯ ಆ ಹಿರಿಯರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ ಒಳಗೆ ಬಂದರು. "ಬಾಟಲಿಯ ಷರತ್ತು ಹಾಗೇ ಇದೆ ತಾನೆ?" ಎಂದು ಕೇಳಿದರು. ಇದೆ ಎಂದೆ. ಒಂದು ಮಸಾಲೆ ದೋಸೆ ಹೇಳಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತರು.