ಕ್ಯಾಲ್ಸಿಯಂ ಇಲ್ಲದ ಒಂದು ಹನಿ ನೀರು

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಹಸಿರು ಪಾಚಿ ಬೆಳಕಿನ ಕಡೆ ಈಜುತ್ತದೆ, ಅದಕ್ಕೆ ಕ್ಯಾಲ್ಸಿಯಂ ಬೇಕು ಅಂತ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಕ್ಯಾಲ್ಸಿಯಂ ತೆಗೆದುಬಿಟ್ರೆ ಈಜೋದೇ ನಿಂತುಹೋಗತ್ತಾ?" ನಾನು ಮಾಡಿ ನೋಡಿರಲಿಲ್ಲ. ಹಾಗಂತ ಒಪ್ಪಿಕೊಂಡೆ. ಮಾರನೇ ವಾರ ಇಬ್ಬರೂ ಲ್ಯಾಬ್‌ನಲ್ಲಿ ಕೂತೆವು.

ಪರಿಚಯದವರೊಬ್ಬರು ಕ್ಲಾಮಿಡೋಮೊನಾಸ್ ಕೊಟ್ಟರು. ಒಂದೇ ಕೋಶದ ಪಾಚಿ, ಗಾತ್ರ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಮುಂದುಗಡೆ ಎರಡು ಫ್ಲ್ಯಾಜೆಲ್ಲಾ, ಅಂದರೆ ಚಾವಟಿಯಂಥ ಎಳೆಗಳು. ಕೈ ಚಾಚಿ ಈಜುವವರ ಹಾಗೆ ಅವನ್ನು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಬೀಸುತ್ತದೆ. ಪಕ್ಕದಲ್ಲಿ ಬೆಳಕು ಗುರುತಿಸಲು ಕಿತ್ತಳೆ ಬಣ್ಣದ ಒಂದು ಕಣ್ಣಚುಕ್ಕೆ.

ಎಸ್‌ಪಿ ರೋಡಿನಿಂದ ಹಸಿರು ಎಲ್‌ಇಡಿ ತಂದೆ. ಪೆಟ್ರಿ ತಟ್ಟೆಗೆ ಕಪ್ಪು ಕಾಗದ ಸುತ್ತಿ, ಒಂದು ಕಡೆ ಸೀಳು ಬಿಟ್ಟೆವು. ಮೊದಲ ದಿನ ಪಾಚಿ ಬೆಳಕಿನ ಕಡೆ ಬರುವ ಬದಲು ಆ ಕಡೆ ಗೋಡೆಗೆ ಓಡಿತು! ಬೆಳಕು ಜಾಸ್ತಿಯಾದರೆ ಅದು ಹಾಗೇ, ತಪ್ಪಿಸಿಕೊಳ್ಳುತ್ತದೆ. ಎಲ್‌ಇಡಿಗೆ ದೊಡ್ಡ ರೆಸಿಸ್ಟರ್ ಹಾಕಿ ಮಂಕು ಮಾಡಿದೆ. ಹತ್ತು ಹದಿನೈದು ನಿಮಿಷದಲ್ಲಿ ಸೀಳಿನ ಹತ್ತಿರ ಒಂದು ಹಸಿರು ಗೆರೆ ಕಟ್ಟಿತು. ಮೈಕ್ರೋಸ್ಕೋಪಿನ ದೀಪಕ್ಕೆ ಮಾತ್ರ ಎರಡು ಪದರ ಕೆಂಪು ಜಿಲೇಟಿನ್ ಪೇಪರ್ ಸುತ್ತಿದೆ. ಕೆಂಪು ಬೆಳಕು ಅದರ ಕಣ್ಣಿಗೆ ಕಾಣುವುದಿಲ್ಲ ಅನ್ನಬಹುದು, ನಮಗೆ ಕಾಣುತ್ತದೆ.

ಇನ್ನು ಕ್ಯಾಲ್ಸಿಯಂ ತೆಗೆಯುವುದು. ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ಮೆಲ್ಲಗೆ ತಿರುಗಿಸಿ (ಜೋರಾಗಿ ತಿರುಗಿಸಿದರೆ ಫ್ಲ್ಯಾಜೆಲ್ಲಾ ಕಿತ್ತುಹೋಗುತ್ತವೆ), ಕ್ಯಾಲ್ಸಿಯಂ ಹಾಕದ, ಆಮ್ಲತೆ ಏರುಪೇರಾಗದಂತೆ ನೋಡಿಕೊಳ್ಳುವ ಬಫರ್‌ನಲ್ಲಿ ಎರಡು ಸಲ ತೊಳೆದೆವು. ತಟ್ಟೆಗೆ ಹಾಕಿದರೆ ಏನೂ ವ್ಯತ್ಯಾಸ ಇಲ್ಲ. ಹಸಿರು ಗೆರೆ ಹಾಗೇ ಬಂತು. ಮೂರು ದಿನ ಇದೇ ಕಥೆ. ಬೋರ್ಡ್ ಮೇಲೆ ಬರೆದದ್ದೇ ಸುಳ್ಳೇನೋ ಅನ್ನಿಸತೊಡಗಿತು.

ನಾಲ್ಕನೇ ದಿನ ಗಾಜಿನ ಸಾಮಾನು ತೊಳೆಯುತ್ತಿದ್ದ ಅಟೆಂಡರ್, ಒಣಗಿದ ಒಂದು ಬೀಕರನ್ನು ಕಿಟಕಿಗೆ ಹಿಡಿದು ತೋರಿಸಿದರು. ತಳದಲ್ಲಿ ತೆಳ್ಳಗೆ ಬಿಳಿ ಕಲೆ. "ಮೇಡಂ, ಇದು ಬೋರ್ ನೀರು. ಸ್ಟೀಲ್ ಲೋಟಕ್ಕೇ ಕಲೆ ಹಿಡಿಯತ್ತೆ, ಗಾಜು ಬಿಡತ್ತಾ?"

ಬೆಂಗಳೂರಲ್ಲಿದ್ದವರಿಗೆ ಈ ಕಲೆ ಹೊಸದಲ್ಲ. ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕಟ್ಟುತ್ತದಲ್ಲ, ಅದೇ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ಬಫರ್ ಬದಲಿಸಿದ್ದೆವು, ಬೀಕರ್ ಬದಲಿಸಿರಲಿಲ್ಲ. ಪಾಚಿಗೆ ಬೇಕಾದದ್ದು ಚೂರೇ ಚೂರು.

ಪ್ಲಾಸ್ಟಿಕ್ ಟ್ಯೂಬಿಗೆ ಬದಲಾಯಿಸಿದೆವು. ಅದೂ ಸಾಲದು ಅಂತ ಇಜಿಟಿಎ ಅನ್ನುವ ರಾಸಾಯನಿಕ ಹಾಕಿದೆ. ಇದು ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಮೆಗ್ನೀಸಿಯಂ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇಲ್ಲೊಂದು ಕಿರಿಕಿರಿ ಇದೆ. ಸುಮ್ನೆ ನೀರಿಗೆ ಹಾಕಿದರೆ ಪುಡಿ ಕರಗುವುದೇ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಹಾಕಿ ಪಿಎಚ್ 8ರ ಹತ್ತಿರ ತಂದರೆ ಮಾತ್ರ ಕರಗುತ್ತದೆ. ಮೇಲೆ, ಕ್ಯಾಲ್ಸಿಯಂ ಹಿಡಿಯುವಾಗ ಆಮ್ಲ ಬಿಡುತ್ತದೆ. ಹಾಗಾಗಿ ಹೆಪಿಸ್ ಅನ್ನುವ ಬಫರ್ ಬೇಕೇ ಬೇಕು. ಕೊನೆಗೆ ಅರ್ಧ ಮಿಲಿಮೋಲಾರ್ ಇಜಿಟಿಎಗೆ ನಿಂತೆವು.

ಆವತ್ತು ತಟ್ಟೆಯಲ್ಲಿ ಗೆರೆ ಕಟ್ಟಲಿಲ್ಲ. ಸತ್ತವೇನೋ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಓಡಾಡುತ್ತಿವೆ! ಈಜು ಇದೆ, ದಿಕ್ಕು ಇಲ್ಲ. ಎಲ್‌ಇಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅವಕ್ಕೆ ಗೊಡವೆಯಿಲ್ಲ. ಮೊಬೈಲ್ ಫ್ಲ್ಯಾಶ್ ಹೊಡೆದೆ. ಮಾಮೂಲಿಯಾಗಿ ಗಕ್ಕನೆ ನಿಂತು ಒಂದು ಕ್ಷಣ ಹಿಂದಕ್ಕೆ ಈಜುತ್ತವೆ. ಅದೂ ಇಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು: ನಿಲ್ಲುವುದು ಈಜಲ್ಲ, ತಿರುಗುವುದು.

ಇದು ಹೀಗೆ. ಪಾಚಿ ಸ್ಕ್ರೂ ಇಳಿಯುವ ಹಾಗೆ ಸುತ್ತುತ್ತಾ ಸಾಗುತ್ತದೆ, ಸೆಕೆಂಡಿಗೆ ಸುಮಾರು ಎರಡು ಸುತ್ತು. ಬೆಳಕು ಪಕ್ಕದಲ್ಲಿದ್ದರೆ ಪ್ರತಿ ಸುತ್ತಿಗೂ ಕಣ್ಣಚುಕ್ಕೆಗೆ ಒಮ್ಮೆ ಬೆಳಕು, ಒಮ್ಮೆ ನೆರಳು. ಅಲ್ಲಿರುವ ಚಾನಲ್‌ರೊಡಾಪ್ಸಿನ್ ಅನ್ನುವ ಪ್ರೋಟೀನು ಬೆಳಕು ಬಿದ್ದಾಗ ಬಾಗಿಲು ತೆರೆಯುತ್ತದೆ, ಹಿಂದೆಯೇ ಹೊರಗಿನ ಕ್ಯಾಲ್ಸಿಯಂ ಒಳಗೆ ಬರುತ್ತದೆ. (2002ರಲ್ಲಿ ಮೊದಲು ಗೊತ್ತಾದ ಈ ಪ್ರೋಟೀನನ್ನು ಈಗ ಇಲಿಯ ಮೆದುಳಿಗೆ ಸೇರಿಸಿ ನರಕೋಶಗಳನ್ನು ಬೆಳಕಿನಿಂದ ಆಡಿಸುತ್ತಾರೆ. ಪಾಚಿಯಿಂದ ಎಲ್ಲಿಗೆ ಬಂತು ನೋಡಿ.) ಕ್ಯಾಲ್ಸಿಯಂಗೆ ಎರಡು ಫ್ಲ್ಯಾಜೆಲ್ಲಾ ಒಂದೇ ಥರ ಸ್ಪಂದಿಸುವುದಿಲ್ಲ. 1984ರಲ್ಲಿ ಕಾಮಿಯಾ ಮತ್ತು ವಿಟ್ಮನ್ ಅನ್ನುವ ವಿಜ್ಞಾನಿಗಳು ಪಾಚಿಯ ಪೊರೆ ತೆಗೆದು ಇದನ್ನು ತೋರಿಸಿದರು. ಕ್ಯಾಲ್ಸಿಯಂ ತೀರಾ ಕಡಿಮೆ ಇದ್ದಾಗ ಕಣ್ಣಚುಕ್ಕೆ ಪಕ್ಕದ ಫ್ಲ್ಯಾಜೆಲ್ಲಂದು ಮೇಲುಗೈ. ಸ್ವಲ್ಪ ಏರಿದರೆ ಇನ್ನೊಂದರದು. ಎರಡು ಹುಟ್ಟಿನ ದೋಣಿಯಲ್ಲಿ ಒಂದು ಹುಟ್ಟು ಸಡಿಲಾದರೆ ದೋಣಿ ತಿರುಗುತ್ತದೆ ಅಲ್ವಾ, ಹಾಗೆ.

ಖಾತ್ರಿಗೆ ಕ್ಯಾಲ್ಸಿಯಂ ಕ್ಲೋರೈಡ್ ವಾಪಸ್ ಹಾಕಿದೆವು, ಇಜಿಟಿಎಗಿಂತ ಜಾಸ್ತಿಯಾಗುವಷ್ಟು, ಒಂದು ಮಿಲಿಮೋಲಾರ್. ಸ್ವಲ್ಪ ಹೊತ್ತಿನಲ್ಲೇ ಗೆರೆ ಮೂಡತೊಡಗಿತು. ಅಟೆಂಡರ್ ಬಗ್ಗಿ ನೋಡಿದರು. "ಇದಕ್ಕೆ ದುಡ್ಡು ಕೊಟ್ಟು ಪುಡಿ ಯಾಕೆ ಮೇಡಂ, ನಮ್ಮ ಬೋರ್ ನೀರೇ ಹಾಕಬಹುದಿತ್ತಲ್ಲ."

ಇಜಿಟಿಎ ಹಾಕಿದ ಇನ್ನೊಂದು ತಟ್ಟೆ ಉಳಿದಿತ್ತು. ಇದ್ದಷ್ಟೇ ಅಳತೆ ನಲ್ಲಿ ನೀರು ಸೇರಿಸಿದೆವು. ಊಟ ಮುಗಿಸಿ ಬರುವಷ್ಟರಲ್ಲಿ ಸೀಳಿನ ಹತ್ತಿರ ಹಸಿರು ಗೆರೆ ಇತ್ತು.